ಪೊಲೀಸರ ಎದೆ ಮೇಲೆ ಕ್ಯಾಮೆರಾ ಇದೆ, ಫುಟೇಜ್ ಯಾರ ಹತ್ತಿರ ಇದೆ?

2025ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಪತ್ರಿಕಾ ವರದಿಯನ್ನು ನೋಡಿ ತಾನಾಗಿಯೇ ವಿಚಾರಣೆ ಶುರು ಮಾಡಿತು. ರಾಜಸ್ಥಾನದಲ್ಲಿ ಏಳೆಂಟು ತಿಂಗಳಲ್ಲಿ 11 ಮಂದಿ ಪೊಲೀಸ್ ವಶದಲ್ಲಿದ್ದಾಗ ಸತ್ತಿದ್ದಾರೆ ಎಂಬ ವರದಿ ಅದು. ಕೋರ್ಟ್ ಎತ್ತಿಕೊಂಡ ಪ್ರಶ್ನೆ, ಠಾಣೆಗಳಲ್ಲಿ ಸರಿಯಾಗಿ ಕೆಲಸ ಮಾಡುವ ಸಿಸಿ ಕ್ಯಾಮೆರಾಗಳು ಯಾಕೆ ಇಲ್ಲ ಅನ್ನೋದು. ನವೆಂಬರ್‌ನಲ್ಲಿ ಪ್ರಕರಣ ಮತ್ತೆ ಬಂದಾಗ, ಕ್ಯಾಮೆರಾಗಳ ಬಗ್ಗೆ ಪ್ರಮಾಣಪತ್ರ ಸಲ್ಲಿಸಿದ್ದ ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳು ಬರೀ 11. ಲಾಕಪ್ ಸಾವುಗಳನ್ನು ದೇಶ ಇನ್ನು ಸಹಿಸುವುದಿಲ್ಲ ಎಂದು ನ್ಯಾಯಮೂರ್ತಿಗಳಾದ ವಿಕ್ರಮ್ ನಾಥ್ ಮತ್ತು ಸಂದೀಪ್ ಮೆಹ್ತಾ ಅವರ ಪೀಠ ಖಾರವಾಗಿಯೇ ಹೇಳಿತು.

ಇಲ್ಲೇ ಜನರಿಗೆ ಗೊಂದಲ. ಬೆಂಗಳೂರಿನ ಸಿಗ್ನಲ್‌ಗಳಲ್ಲಿ ನಿಲ್ಲುವ ಸಂಚಾರ ಪೊಲೀಸರ ಎದೆಯ ಮೇಲೆ ಬಾಡಿ ಕ್ಯಾಮೆರಾ ಕಾಣುತ್ತದೆ. ನಿರ್ಭಯಾ ನಿಧಿಯ ಸೇಫ್ ಸಿಟಿ ಯೋಜನೆಯಲ್ಲಿ ನಗರದ ತುಂಬಾ ಸಾವಿರಾರು ಕ್ಯಾಮೆರಾ ಬಂದಿವೆ. ಹೆಲ್ಮೆಟ್ ಹಾಕದೆ ಹೋದರೆ ಫೋಟೊ ಸಮೇತ ದಂಡದ ನೋಟಿಸ್ ಬರುತ್ತದೆ. ಇಷ್ಟೆಲ್ಲ ಇದ್ದೂ, ಪೊಲೀಸರ ಮೇಲೆ ದೂರು ಬಂದ ದಿನವೇ ಕ್ಯಾಮೆರಾ ಕೆಟ್ಟಿರುತ್ತದೆ, ಇಲ್ಲವೇ ಫುಟೇಜ್ ಅಳಿಸಿಹೋಗಿರುತ್ತದೆ. ಯಾಕೆ ಹೀಗೆ? ಇನ್ನಷ್ಟು ಕ್ಯಾಮೆರಾ ಕೊಂಡರೆ ಇದು ಸರಿಹೋಗುತ್ತದಾ?

ಇರುವುದು ಎರಡು ಸ್ವಿಚ್

ಬಾಡಿ ಕ್ಯಾಮೆರಾ ಅಂದರೆ ಸಮವಸ್ತ್ರಕ್ಕೆ ಸಿಕ್ಕಿಸುವ ಸಣ್ಣ ಪೆಟ್ಟಿಗೆ. ಬ್ಯಾಟರಿ ಮತ್ತು ಮೆಮೊರಿಯ ಮಿತಿ ಇರುವುದರಿಂದ ಅದು ಸಾಮಾನ್ಯವಾಗಿ ಇಡೀ ಪಾಳಿ ರೆಕಾರ್ಡ್ ಮಾಡುವುದಿಲ್ಲ. ಪೊಲೀಸ್ ಸಿಬ್ಬಂದಿ ಗುಂಡಿ ಒತ್ತಿದಾಗ ಶುರು, ಮತ್ತೆ ಒತ್ತಿದಾಗ ಬಂದ್. ಪಾಳಿ ಮುಗಿದ ಮೇಲೆ ಅದನ್ನು ಡಾಕ್‌ನಲ್ಲಿ, ಅಂದರೆ ದೃಶ್ಯ ಇಳಿಸಿಕೊಳ್ಳುವ ಸ್ಟ್ಯಾಂಡ್‌ನಲ್ಲಿ, ಇಟ್ಟರೆ ದೃಶ್ಯಗಳು ಇಲಾಖೆಯ ಸರ್ವರ್‌ಗೆ ಹೋಗುತ್ತವೆ.

ಠಾಣೆಯ ಸಿಸಿ ಕ್ಯಾಮೆರಾಕ್ಕೆ ಗುಂಡಿಯ ರಗಳೆ ಇಲ್ಲ. ಅದು ದಿನವಿಡೀ ಓಡುತ್ತಲೇ ಇರುತ್ತದೆ. ಆದರೆ ಅದರ ಹಾರ್ಡ್‌ಡಿಸ್ಕ್ ತುಂಬಿದಾಗ ಹಳೆಯ ದೃಶ್ಯದ ಮೇಲೆ ಹೊಸದು ಬರೆಯುತ್ತದೆ. ಎಷ್ಟು ದಿನಕ್ಕೊಮ್ಮೆ ಹೀಗೆ ಅಳಿಯಬೇಕು ಎಂಬುದು ಸೆಟ್ಟಿಂಗ್‌ನ ವಿಷಯ. ಅಂದರೆ ಒಂದು ಕಡೆ ರೆಕಾರ್ಡ್ ಮಾಡುವ ಸ್ವಿಚ್, ಇನ್ನೊಂದು ಕಡೆ ಅಳಿಸುವ ಸ್ವಿಚ್. ಎರಡೂ ಇರುವುದು ದೂರು ಯಾರ ಮೇಲೆ ಬರುತ್ತದೋ ಅವರ ಕೈಯಲ್ಲೇ.

ಸಾತಾನ್‌ಕುಳಂನಲ್ಲಿ ಅಳಿದ ಒಂದು ರಾತ್ರಿ

ಇದು ಬರೀ ತಾಂತ್ರಿಕ ವಿವರ ಅಲ್ಲ ಅಂತ ಗೊತ್ತಾಗಬೇಕಾದರೆ ತಮಿಳುನಾಡಿನ ತೂತುಕುಡಿ ಜಿಲ್ಲೆಯ ಸಾತಾನ್‌ಕುಳಂ ಪ್ರಕರಣ ನೋಡಬೇಕು. 2020ರ ಜೂನ್, ಲಾಕ್‌ಡೌನ್ ಕಾಲ. ಅವಧಿ ಮೀರಿ ಮೊಬೈಲ್ ಅಂಗಡಿ ತೆರೆದಿದ್ದರು ಎಂಬ ಕಾರಣಕ್ಕೆ ತಂದೆ ಮತ್ತು ಮಗನನ್ನು 19ನೇ ತಾರೀಖು ಠಾಣೆಗೆ ಕರೆದೊಯ್ದರು. ರಾತ್ರಿಯಿಡೀ ಹೊಡೆದರು ಎಂಬುದು ಆರೋಪ. ಕೆಲವೇ ದಿನಗಳಲ್ಲಿ ಇಬ್ಬರೂ ಸತ್ತರು.

ಮದ್ರಾಸ್ ಹೈಕೋರ್ಟ್ ಸೂಚನೆಯಂತೆ ನ್ಯಾಯಿಕ ಮ್ಯಾಜಿಸ್ಟ್ರೇಟ್ ಠಾಣೆಗೆ ಹೋಗಿ ಪರಿಶೀಲಿಸಿದರು. ಅಲ್ಲಿ ಸಿಸಿ ಕ್ಯಾಮೆರಾ ಇತ್ತು. ಹಾರ್ಡ್‌ಡಿಸ್ಕ್ ಒಂದು ಟಿಬಿಯದ್ದು, ಜಾಗ ಬೇಕಾದಷ್ಟಿತ್ತು. ಆದರೆ ದಿನದ ದೃಶ್ಯ ದಿನವೇ ತಾನಾಗಿ ಅಳಿಯುವಂತೆ ಸೆಟ್ಟಿಂಗ್ ಇಡಲಾಗಿತ್ತು. ಹಾಗಾಗಿ 19ರ ರಾತ್ರಿಯ ದೃಶ್ಯ ಸಿಗಲೇ ಇಲ್ಲ.

ಹಾಗಿದ್ದರೆ ಸತ್ಯ ಹೊರಬಂದದ್ದು ಹೇಗೆ? ಅದೇ ಠಾಣೆಯ ಒಬ್ಬ ಮಹಿಳಾ ಹೆಡ್ ಕಾನ್‌ಸ್ಟೆಬಲ್ ಧೈರ್ಯ ಮಾಡಿ ಸಾಕ್ಷಿ ಹೇಳಿದರು. ಅಂಗಡಿಯ ಹತ್ತಿರ ಇದ್ದ ಖಾಸಗಿ ಕ್ಯಾಮೆರಾದ ದೃಶ್ಯ, ಅಲ್ಲಿ ಗಲಾಟೆ ನಡೆಯಿತು ಎಂಬ ಎಫ್‌ಐಆರ್‌ನ ಮಾತಿಗೆ ಹೊಂದಲಿಲ್ಲ. ತನಿಖೆ ಸಿಬಿಐಗೆ ಹೋಯಿತು. ಪೊಲೀಸರ ಕೈಯಲ್ಲಿದ್ದ ಕ್ಯಾಮೆರಾ ಏನನ್ನೂ ಹೇಳಲಿಲ್ಲ, ಅವರ ಕೈಗೆ ಸಿಗದ ಕ್ಯಾಮೆರಾ ಹೇಳಿತು.

2020ರ ತೀರ್ಪು: ಬರೆದದ್ದು ಚೆನ್ನಾಗಿದೆ

ಅದೇ ವರ್ಷ ಡಿಸೆಂಬರ್ 2ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಆರ್.ಎಫ್. ನಾರಿಮನ್ ನೇತೃತ್ವದ ಪೀಠ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ತೀರ್ಪು ಕೊಟ್ಟಿತು. ಅದು ಸುಮ್ನೆ 'ಕ್ಯಾಮೆರಾ ಹಾಕಿ' ಅಂತ ಹೇಳಿ ಮುಗಿಸಿದ ತೀರ್ಪಲ್ಲ. ಠಾಣೆಯ ಮುಖ್ಯ ಗೇಟು, ಒಳಹೋಗುವ ಮತ್ತು ಹೊರಬರುವ ದಾರಿಗಳು, ಲಾಕಪ್, ವರಾಂಡ, ಇನ್‌ಸ್ಪೆಕ್ಟರ್ ಕೊಠಡಿ, ಪಿಎಸ್‌ಐ ಕೊಠಡಿ, ಶೌಚಾಲಯದ ಹೊರಭಾಗ, ಠಾಣೆಯ ಹಿಂಭಾಗ, ಹೀಗೆ ಎಲ್ಲೆಲ್ಲಿ ಕ್ಯಾಮೆರಾ ಇರಬೇಕೆಂದು ಹೆಸರಿಟ್ಟು ಹೇಳಿತು. ಕತ್ತಲಲ್ಲೂ ಕಾಣಬೇಕು, ದೃಶ್ಯದ ಜೊತೆ ಧ್ವನಿಯೂ ಇರಬೇಕು. 18 ತಿಂಗಳು ಇಡಬೇಕು, ಅಂಥ ಉಪಕರಣ ಸಿಗದಿದ್ದರೂ ಒಂದು ವರ್ಷಕ್ಕಿಂತ ಕಡಿಮೆ ಆಗಬಾರದು. ಕ್ಯಾಮೆರಾ ಕೆಟ್ಟರೆ ಹೊಣೆ ಠಾಣಾಧಿಕಾರಿಯದ್ದು. ಸಿಬಿಐ, ಎನ್‌ಐಎ, ಇ.ಡಿ.ಯಂಥ ಕೇಂದ್ರ ಸಂಸ್ಥೆಗಳ ಕಚೇರಿಗಳಿಗೂ ಇದೇ ನಿಯಮ.

ಐದು ವರ್ಷ ಕಳೆದರೂ ಅದೇ ಕೋರ್ಟು ಅದೇ ಪ್ರಶ್ನೆ ಕೇಳುತ್ತಿದೆ ಅಂದರೆ ತಪ್ಪಿದ್ದೆಲ್ಲಿ? ಹಣ ಒಂದು ಕಾರಣ. ಧ್ವನಿ ಸಹಿತ ಇಷ್ಟೊಂದು ದೃಶ್ಯವನ್ನು ಒಂದೂವರೆ ವರ್ಷ ಇಡುವುದಕ್ಕೆ ಖರ್ಚು ಜಾಸ್ತಿ. ಹಾಕಿದ ಮೇಲೆ ರಿಪೇರಿಗೆ ಬಜೆಟ್ ಇರುವುದಿಲ್ಲ ಎಂಬುದು ಇನ್ನೊಂದು.

ಆದರೆ ಮೂರನೇ ಕಾರಣವೇ ದೊಡ್ಡದು ಅನಿಸುತ್ತದೆ. ತೀರ್ಪು ಮೇಲ್ವಿಚಾರಣೆಗೆ ರಾಜ್ಯಮಟ್ಟದ ಮತ್ತು ಜಿಲ್ಲಾಮಟ್ಟದ ಸಮಿತಿಗಳನ್ನು ಮಾಡಲು ಹೇಳಿತು. ರಾಜ್ಯ ಸಮಿತಿಯಲ್ಲಿ ಗೃಹ ಕಾರ್ಯದರ್ಶಿ, ಹಣಕಾಸು ಕಾರ್ಯದರ್ಶಿ, ಡಿಜಿಪಿ, ಮಹಿಳಾ ಆಯೋಗದ ಪ್ರತಿನಿಧಿ. ಜಿಲ್ಲಾ ಸಮಿತಿಯಲ್ಲಿ ಎಸ್‌ಪಿ ಇರುತ್ತಾರೆ. ಹೊರಗಿನವರು ಒಬ್ಬಿಬ್ಬರು ಇದ್ದರೂ, ಠಾಣೆಯ ಒಳಗಿನ ವಿವರ ಅವರಿಗೆ ಸಿಗಬೇಕಾಗಿರುವುದು ಇಲಾಖೆಯಿಂದಲೇ. ಪರೀಕ್ಷೆ ಬರೆದವರೇ ಉತ್ತರಪತ್ರಿಕೆ ತಿದ್ದಿದ ಹಾಗೆ. ಕ್ಯಾಮೆರಾ ಕೆಟ್ಟಿದೆ ಎಂದು ಬರೆದು ಕಳಿಸಬೇಕಾದವರಿಗೆ ಅದು ಕೆಟ್ಟಿರುವುದೇ ಅನುಕೂಲ ಆಗಿದ್ದರೆ, ರಿಪೇರಿ ತಡವಾಗುವುದರಲ್ಲಿ ಆಶ್ಚರ್ಯ ಏನಿದೆ?

ಇದನ್ನು ಕೋರ್ಟೂ ಗಮನಿಸಿದೆ. ಇವತ್ತು ಪ್ರಮಾಣಪತ್ರ ಕೊಟ್ಟು ನಾಳೆ ಕ್ಯಾಮೆರಾ ಆಫ್ ಮಾಡಿದರೆ ಏನು ಮಾಡುವುದು ಎಂದು 2025ರ ಸೆಪ್ಟೆಂಬರ್ ವಿಚಾರಣೆಯಲ್ಲಿ ಪೀಠವೇ ಕೇಳಿತು. ಮನುಷ್ಯರ ಕೈ ಆಡದ ಕಂಟ್ರೋಲ್ ರೂಮ್ ಬೇಕು, ಯಾವುದಾದರೂ ಕ್ಯಾಮೆರಾ ನಿಂತರೆ ಕಂಪ್ಯೂಟರೇ ಎಚ್ಚರಿಸಬೇಕು ಎಂಬ ಯೋಚನೆಯನ್ನೂ ಮುಂದಿಟ್ಟಿತು.

ಅಮೆರಿಕ ಹತ್ತು ವರ್ಷದಲ್ಲಿ ಕಲಿತದ್ದು

ಬಾಡಿ ಕ್ಯಾಮೆರಾದ ವಿಷಯದಲ್ಲಿ ನಮಗಿಂತ ಮುಂಚೆ ಹೊರಟವರು ಅಮೆರಿಕದವರು. 2014ರ ಆಗಸ್ಟ್‌ನಲ್ಲಿ ಮಿಸೌರಿಯ ಫರ್ಗ್ಯುಸನ್‌ನಲ್ಲಿ ಮೈಕಲ್ ಬ್ರೌನ್ ಎಂಬ ಕಪ್ಪು ಯುವಕ ಪೊಲೀಸ್ ಗುಂಡಿಗೆ ಸತ್ತ. ಆ ಕ್ಷಣದಲ್ಲಿ ಏನು ನಡೆಯಿತು ಎಂಬುದಕ್ಕೆ ಒಬ್ಬೊಬ್ಬರದ್ದು ಒಂದೊಂದು ಹೇಳಿಕೆ, ವಿಡಿಯೊ ಮಾತ್ರ ಇರಲಿಲ್ಲ. ವರ್ಷದ ಕೊನೆಗೆ ಅಧ್ಯಕ್ಷ ಒಬಾಮ 50 ಸಾವಿರ ಬಾಡಿ ಕ್ಯಾಮೆರಾಗಳಿಗೆ 7.5 ಕೋಟಿ ಡಾಲರ್ ಕೊಡುವ ಪ್ರಸ್ತಾಪ ಮಾಡಿದರು.

ಆ ಹೊತ್ತಿಗೆ ಎಲ್ಲರ ಬಾಯಲ್ಲಿ ಇದ್ದದ್ದು ಕ್ಯಾಲಿಫೋರ್ನಿಯಾದ ರಿಯಾಲ್ಟೊ ಎಂಬ ಸಣ್ಣ ಊರಿನ ಪ್ರಯೋಗ. ಅಲ್ಲಿ 2012–13ರಲ್ಲಿ ಕ್ಯಾಮೆರಾ ಹಾಕಿದ ಮೇಲೆ ಪೊಲೀಸರ ವಿರುದ್ಧದ ದೂರುಗಳು ಶೇ 88ರಷ್ಟು ಇಳಿದವು. ಬಲಪ್ರಯೋಗ ಸುಮಾರು ಶೇ 60ರಷ್ಟು ಕಡಿಮೆಯಾಯಿತು. ಸಂಖ್ಯೆ ನೋಡಿ ಎಲ್ಲರೂ ಖುಷಿಪಟ್ಟರು.

ಆಮೇಲೆ ವಾಷಿಂಗ್ಟನ್ ಡಿ.ಸಿ.ಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಪೊಲೀಸರ ಮೇಲೆ ದೊಡ್ಡ ಅಧ್ಯಯನ ನಡೆಯಿತು. ಚೀಟಿ ಎತ್ತಿದ ರೀತಿಯಲ್ಲಿ ಕೆಲವರಿಗೆ ಕ್ಯಾಮೆರಾ ಕೊಟ್ಟರು, ಕೆಲವರಿಗೆ ಕೊಡಲಿಲ್ಲ. 2017ರಲ್ಲಿ ಫಲಿತಾಂಶ ಬಂತು. ಬಲಪ್ರಯೋಗದಲ್ಲಾಗಲಿ ದೂರುಗಳಲ್ಲಾಗಲಿ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ!

ಒಂದೇ ಸಾಧನ, ಎರಡು ಉತ್ತರ. ಇದನ್ನು ಬಿಡಿಸಲು ನೆರವಾಗುವುದು ಅಪರಾಧಶಾಸ್ತ್ರಜ್ಞ ಬರಾಕ್ ಏರಿಯಲ್ ಮತ್ತು ಸಂಗಡಿಗರು ಹಲವು ಕಡೆಯ ಪ್ರಯೋಗಗಳನ್ನು ಒಟ್ಟಿಗೆ ಇಟ್ಟು 2016ರಲ್ಲಿ ಪ್ರಕಟಿಸಿದ ವಿಶ್ಲೇಷಣೆ. ನಿಯಮದಂತೆ ಪ್ರತಿ ಭೇಟಿಯ ಮೊದಲಿನಿಂದಲೇ ಕ್ಯಾಮೆರಾ ಓಡಿಸಿ, ಎದುರಿನವರಿಗೂ ತಿಳಿಸಿದ ಕಡೆ ಬಲಪ್ರಯೋಗ ಶೇ 37ರಷ್ಟು ಇಳಿದಿತ್ತು. ಯಾವಾಗ ಆನ್ ಮಾಡಬೇಕೆಂಬುದನ್ನು ಪೊಲೀಸರ ವಿವೇಚನೆಗೆ ಬಿಟ್ಟ ಕಡೆ ಶೇ 71ರಷ್ಟು ಏರಿತ್ತು. ಕ್ಯಾಮೆರಾ ನಡವಳಿಕೆ ತಿದ್ದುವುದು ಅದು ತನ್ನ ಅಂಕೆಯಲ್ಲಿ ಇಲ್ಲ ಅಂತ ಹಾಕಿಕೊಂಡವರಿಗೆ ಅನಿಸಿದಾಗ. ಗುಂಡಿ ತನ್ನದೇ ಆದರೆ ಆ ಅಂಜಿಕೆ ಎಲ್ಲಿಂದ ಬರಬೇಕು?

ಬಾಲ್ಟಿಮೋರ್‌ನಲ್ಲಿ 2017ರ ಜನವರಿಯಲ್ಲಿ ನಡೆದದ್ದು ಇದಕ್ಕೆ ಕನ್ನಡಿ ಹಿಡಿಯುತ್ತದೆ. ಅಲ್ಲಿನ ಕ್ಯಾಮೆರಾಗಳಲ್ಲಿ ಒಂದು ವಿಶೇಷ ಇತ್ತು. ಗುಂಡಿ ಒತ್ತಿದ ಕ್ಷಣಕ್ಕಿಂತ 30 ಸೆಕೆಂಡ್ ಹಿಂದಿನ ದೃಶ್ಯವೂ ಧ್ವನಿಯಿಲ್ಲದೆ ಉಳಿಯುತ್ತಿತ್ತು. ಒಬ್ಬ ಅಧಿಕಾರಿ ಮಾದಕವಸ್ತುವಿನ ಪೊಟ್ಟಣವನ್ನು ತಾನೇ ಕಸದಲ್ಲಿಟ್ಟು, ಹೊರಗೆ ನಡೆದುಬಂದು, ಕ್ಯಾಮೆರಾ ಆನ್ ಮಾಡಿ, ಮತ್ತೆ ಹೋಗಿ 'ಹುಡುಕಿ' ತೆಗೆದ. ಮೊದಲ 30 ಸೆಕೆಂಡ್ ಉಳಿದಿರುತ್ತದೆ ಅನ್ನೋದು ಅವನ ತಲೆಗೆ ಹೊಳೆದಿರಲಿಲ್ಲ. ಮರುವರ್ಷ ಕೋರ್ಟು ಅವನನ್ನು ತಪ್ಪಿತಸ್ಥ ಎಂದಿತು. ಅವನ ಅಂಕೆ ಮೀರಿ ಉಳಿದ ಆ ಅರ್ಧ ನಿಮಿಷ ಇಲ್ಲದೆ ಹೋಗಿದ್ದರೆ, ಅದೇ ವಿಡಿಯೊ ನ್ಯಾಯಾಲಯದಲ್ಲಿ ಪೊಲೀಸರ ಪರವಾದ ಗಟ್ಟಿ ಸಾಕ್ಷಿ ಆಗುತ್ತಿತ್ತು.

ಮೆಂಫಿಸ್‌ನಲ್ಲಿ 2023ರ ಜನವರಿಯಲ್ಲಿ ಟೈರ್ ನಿಕಲ್ಸ್ ಎಂಬಾತನನ್ನು ಪೊಲೀಸರು ಹೊಡೆದರು, ಮೂರು ದಿನದ ನಂತರ ಆತ ಸತ್ತ. ಬಾಡಿ ಕ್ಯಾಮೆರಾ ಇದ್ದೂ ಹೊಡೆದರು ಎಂಬುದು ಒಂದು ಮಾತು. ಇನ್ನೊಂದು ಅದಕ್ಕಿಂತ ಸೂಕ್ಷ್ಮ. ಬಾಡಿ ಕ್ಯಾಮೆರಾದಲ್ಲಿ 'ಕೈ ಕೊಡು, ಕೈ ಕೊಡು' ಎಂಬ ಕೂಗು ಜೋರಾಗಿ ಕೇಳುತ್ತದೆ, ಚಿತ್ರ ಅಲುಗಾಡುತ್ತದೆ. ಅದನ್ನಷ್ಟೇ ನೋಡಿದವರಿಗೆ ಆತ ಪ್ರತಿರೋಧ ಒಡ್ಡುತ್ತಿದ್ದಾನೆ ಅನಿಸಬಹುದು. ಬೀದಿ ಕಂಬದ ಮೇಲಿದ್ದ ಕ್ಯಾಮೆರಾ ಮೇಲಿನಿಂದ ಎಲ್ಲವನ್ನೂ ನೋಡಿತ್ತು. ಆತನ ಕೈಗಳನ್ನು ಪೊಲೀಸರೇ ಹಿಡಿದುಕೊಂಡಿದ್ದರು. ಎದೆಯ ಕ್ಯಾಮೆರಾ ಎದುರಿಗಿರುವವರನ್ನು ತೋರಿಸುತ್ತದೆ, ಅದನ್ನು ಹಾಕಿಕೊಂಡವರನ್ನು ತೋರಿಸುವುದಿಲ್ಲ. ಈ ಕೋನದ ಪಕ್ಷಪಾತವನ್ನು ನಮ್ಮ ಚರ್ಚೆಗಳಲ್ಲಿ ಯಾರೂ ಹೆಚ್ಚು ಎತ್ತುವುದಿಲ್ಲ.

ಪೊಲೀಸರ ವಾದದಲ್ಲೂ ಹುರುಳಿದೆ

ಕ್ಯಾಮೆರಾ ಅಂದರೆ ಪೊಲೀಸರಿಗೆ ಆಗುವುದಿಲ್ಲ ಅಂತ ತಿಳಿದರೆ ಅದು ತಪ್ಪು. ರಸ್ತೆಯಲ್ಲಿ ನಿಲ್ಲುವ ಕಾನ್‌ಸ್ಟೆಬಲ್‌ಗೆ ಬೈಗುಳ, ತಳ್ಳಾಟ, 'ಲಂಚ ಕೇಳಿದ' ಎಂಬ ಸುಳ್ಳು ದೂರು, ಎಲ್ಲವೂ ದಿನದ ಪಾಡು. ಮೊಬೈಲ್‌ನಲ್ಲಿ ತೆಗೆದ ಹತ್ತು ಸೆಕೆಂಡಿನ ತುಣುಕು ಹರಿದಾಡಿ, ಅದಕ್ಕಿಂತ ಮುಂಚೆ ಏನಾಯಿತು ಅನ್ನೋದನ್ನು ಯಾರೂ ಕೇಳದೆ ಅಮಾನತು ಆಗುವುದೂ ಇದೆ. ಆಗ ಅವರನ್ನು ಕಾಯುವುದು ಪೂರ್ತಿ ರೆಕಾರ್ಡಿಂಗೇ.

2024ರ ಮೇನಲ್ಲಿ ದಾವಣಗೆರೆ ಜಿಲ್ಲೆಯ ಚನ್ನಗಿರಿಯಲ್ಲಿ ಪೊಲೀಸರು ವಶಕ್ಕೆ ಪಡೆದ ವ್ಯಕ್ತಿಯೊಬ್ಬರು ಸತ್ತಾಗ ಜನ ಠಾಣೆಗೆ ನುಗ್ಗಿ ವಾಹನಗಳನ್ನು ಜಖಂ ಮಾಡಿದರು. ಆತ ಠಾಣೆಯಲ್ಲಿದ್ದದ್ದು ಆರೇಳು ನಿಮಿಷ ಮಾತ್ರ, ಇದು ಲಾಕಪ್ ಸಾವಲ್ಲ ಎಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದರು. ತನಿಖೆ ಸಿಐಡಿಗೆ ಹೋಯಿತು. ಆರು ನಿಮಿಷವೋ ಅರವತ್ತು ನಿಮಿಷವೋ ಎಂಬುದನ್ನು ಕ್ಯಾಮೆರಾ ನೋಡಿ ಒಂದೇ ದಿನದಲ್ಲಿ ಇತ್ಯರ್ಥ ಮಾಡಬಹುದು. ಆದರೆ ಅದನ್ನು ಪೊಲೀಸರೇ ಹೇಳಿದರೆ ಸತ್ತವರ ಮನೆಯವರು ಯಾಕೆ ನಂಬಬೇಕು? ಫುಟೇಜ್ ಬೇರೊಬ್ಬರ ಕೈಯಲ್ಲಿದ್ದಿದ್ದರೆ ಜನರಿಗೆ ಉತ್ತರ ಸಿಗುತ್ತಿತ್ತು, ಪೊಲೀಸರ ಮಾತಿಗೂ ತೂಕ ಬರುತ್ತಿತ್ತು.

ಇಲಾಖೆಯ ಇನ್ನೊಂದು ವಾದ ಗೋಪ್ಯತೆಯದ್ದು. ಮಾಹಿತಿದಾರರ ಮುಖ, ಅತ್ಯಾಚಾರ ಸಂತ್ರಸ್ತೆಯ ಹೇಳಿಕೆ, ಮನೆಯೊಳಗಿನ ಜಗಳ, ಅಪಘಾತದಲ್ಲಿ ಬಿದ್ದವರ ಸ್ಥಿತಿ, ಇವೆಲ್ಲ ಕ್ಯಾಮೆರಾದಲ್ಲಿ ಸೇರುತ್ತವೆ. ಇವನ್ನು ಕೇಳಿದವರಿಗೆಲ್ಲ ಕೊಡಲಾಗುವುದಿಲ್ಲ. ಈ ಮಾತು ಸರಿ. ಆದರೆ ಸಂತ್ರಸ್ತರನ್ನು ಕಾಯಲು ಇರುವ ಕಾರಣವನ್ನೇ ಮುಂದಿಟ್ಟು, ಏಟು ತಿಂದವನಿಗೆ ತನ್ನದೇ ದೃಶ್ಯ ಕೊಡದೆ ಇರುವುದು ಬೇರೆ ವಿಷಯ.

ನಾಗರಿಕ ಹಕ್ಕುಗಳ ಪರ ಇರುವವರ ಆತಂಕ ಇದಕ್ಕೆ ಉಲ್ಟಾ. ಎದೆಯ ಕ್ಯಾಮೆರಾ ಪೊಲೀಸರ ಮೇಲೆ ನಿಗಾ ಇಡಲು ಬಂದದ್ದು. ಅದಕ್ಕೆ ಮುಖ ಗುರುತಿಸುವ ತಂತ್ರಾಂಶ ಸೇರಿದರೆ ಪ್ರತಿಭಟನೆಗೆ ಬಂದವರ ಪಟ್ಟಿ ಮಾಡುವ ಸಾಧನ ಆಗಿಬಿಡುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾಯ್ದೆ ಅಪರಾಧ ತಡೆ ಮತ್ತು ತನಿಖೆಗೆ ವಿನಾಯಿತಿ ಕೊಟ್ಟಿರುವುದರಿಂದ ಈ ಆತಂಕವನ್ನು ಸುಮ್ನೆ ತಳ್ಳಿಹಾಕುವಂತಿಲ್ಲ.

ಫುಟೇಜ್ ಕೇಳಿದರೆ ಏನಾಗುತ್ತದೆ

ಬಾಡಿ ಕ್ಯಾಮೆರಾ ಯಾವಾಗ ಆನ್ ಇರಬೇಕು, ಎಷ್ಟು ದಿನ ಇಡಬೇಕು, ಯಾರಿಗೆ ತೋರಿಸಬೇಕು ಎಂದು ಹೇಳುವ ಪ್ರತ್ಯೇಕ ಕಾಯ್ದೆಯನ್ನು ಸಂಸತ್ತು ಮಾಡಿಲ್ಲ. ಪೊಲೀಸ್ ರಾಜ್ಯಪಟ್ಟಿಯ ವಿಷಯ. ಹಾಗಾಗಿ ಎಲ್ಲವೂ ಇಲಾಖೆಯ ಸುತ್ತೋಲೆಗಳ ಮೇಲೆ ನಡೆಯುತ್ತದೆ. ಸುತ್ತೋಲೆ ಮೀರಿದರೆ ಇಲಾಖಾ ವಿಚಾರಣೆ ಆಗಬಹುದು. ದೂರು ಕೊಟ್ಟವರಿಗೆ ಅದರಿಂದ ಹಕ್ಕೇನೂ ಹುಟ್ಟುವುದಿಲ್ಲ.

ಆರ್‌ಟಿಐ ಅರ್ಜಿ ಹಾಕಿದರೆ ತನಿಖೆಗೆ ಅಡ್ಡಿ ಎಂಬ 8(1)(ಎಚ್) ಕಲಮು ಎದುರಾಗುತ್ತದೆ. ವೈಯಕ್ತಿಕ ಮಾಹಿತಿಯ 8(1)(ಜೆ) ಕಲಮನ್ನು ದತ್ತಾಂಶ ಕಾಯ್ದೆಯ ಮೂಲಕ ಇನ್ನಷ್ಟು ಬಿಗಿ ಮಾಡಲಾಗಿದೆ. ಅರ್ಜಿಗೆ ಉತ್ತರ ಕೊಡಲು 30 ದಿನ ಇರುತ್ತದೆ. ಅಷ್ಟರೊಳಗೆ ದೃಶ್ಯ ಅಳಿದಿದ್ದರೆ, 'ಲಭ್ಯವಿಲ್ಲ' ಎಂಬ ಉತ್ತರ ಕಾನೂನಿನ ಪ್ರಕಾರ ಸುಳ್ಳೂ ಅಲ್ಲ.

ಹಾಗಂತ ದಾರಿಯೇ ಇಲ್ಲ ಅಂತಲ್ಲ. ಎರಡು ದಾರಿ ನಮ್ಮ ಕಾನೂನಿನಲ್ಲೇ ಇವೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಕಲಮು ಒಂದು. ಶೋಧ ಮತ್ತು ಜಪ್ತಿಯನ್ನು ಆಡಿಯೊ–ವಿಡಿಯೊ ರೆಕಾರ್ಡ್ ಮಾಡಲೇಬೇಕು ಅನ್ನುತ್ತದೆ ಅದು. ಮೊಬೈಲ್‌ನಲ್ಲಿ ಮಾಡಿದರೂ ಸರಿ. ಮುಖ್ಯ ಏನೆಂದರೆ ಆ ರೆಕಾರ್ಡಿಂಗನ್ನು ತಡಮಾಡದೆ ಮ್ಯಾಜಿಸ್ಟ್ರೇಟ್‌ಗೆ ಕಳಿಸಬೇಕು. ಅಂದರೆ ಪೊಲೀಸರು ತೆಗೆದ ದೃಶ್ಯ ಪೊಲೀಸರ ಕೈಯಿಂದ ಹೊರಗೆ ಹೋಗಬೇಕು ಎಂಬ ತತ್ವವನ್ನು ಸಂಸತ್ತು ಈಗಾಗಲೇ ಒಪ್ಪಿದೆ. ಮನೆಯ ಬೀರು ಹುಡುಕುವಾಗ ಇರುವ ಈ ಕಾಳಜಿ ಲಾಕಪ್ಪಿನಲ್ಲಿ ಕೂರಿಸಿದ ಮನುಷ್ಯನ ವಿಷಯದಲ್ಲಿ ಯಾಕಿಲ್ಲ?

ಎರಡನೆಯದು ಸಾಕ್ಷ್ಯ ಕಾನೂನು. ತನ್ನ ಕೈಯಲ್ಲಿದ್ದ ಸಾಕ್ಷ್ಯವನ್ನು ಒಬ್ಬರು ಹಾಜರುಪಡಿಸದೆ ಇದ್ದರೆ, ಅದು ಅವರ ವಿರುದ್ಧವೇ ಇರಬಹುದು ಎಂದು ಕೋರ್ಟು ಊಹಿಸಬಹುದು. ಹಳೆಯ ಸಾಕ್ಷ್ಯ ಕಾಯ್ದೆಯ 114ನೇ ಕಲಮಿನಲ್ಲಿ ಇದ್ದದ್ದು ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 119ರಲ್ಲಿದೆ. ಅಮೆರಿಕದ ಕೊಲರಾಡೊ ರಾಜ್ಯ 2020ರಲ್ಲಿ ಇದೇ ಯೋಚನೆಯನ್ನು ಬಾಡಿ ಕ್ಯಾಮೆರಾಕ್ಕೆ ನೇರವಾಗಿ ಅಂಟಿಸಿತು. ಆನ್ ಮಾಡಬೇಕಾದಾಗ ಮಾಡದಿದ್ದರೆ ತಪ್ಪು ನಡೆದಿದೆ ಅಂತ ಊಹಿಸಲು ಅವಕಾಶ ಕೊಟ್ಟಿತು. ಇದರ ಪರಿಣಾಮ ಸರಳ. ಈಗ ಕ್ಯಾಮೆರಾ ಕೆಟ್ಟರೆ ನಷ್ಟ ದೂರುದಾರನಿಗೆ. ಈ ನಿಯಮ ಬಂದರೆ ನಷ್ಟ ಪೊಲೀಸರಿಗೆ. ಆಗ ಯಾರೂ ಹೇಳದೆಯೇ ಕ್ಯಾಮೆರಾ ರಿಪೇರಿ ಆಗುತ್ತದೆ.

ಮುಂದೆ ಏನಾಗಬಹುದು

ಸುಪ್ರೀಂ ಕೋರ್ಟಿನ ಒತ್ತಡದಿಂದ ಇನ್ನಷ್ಟು ಕ್ಯಾಮೆರಾ ಖಂಡಿತ ಬರುತ್ತವೆ. ಟೆಂಡರ್ ಕರೆಯುವುದು ಸರ್ಕಾರಗಳಿಗೆ ಸುಲಭದ ಕೆಲಸ ಅಲ್ವಾ? ಮಧ್ಯಪ್ರದೇಶದ ಹಾಗೆ ಠಾಣೆಗಳ ದೃಶ್ಯವನ್ನು ಜಿಲ್ಲಾ ಕಂಟ್ರೋಲ್ ರೂಮಿಗೆ ನೇರವಾಗಿ ಜೋಡಿಸುವ ಕ್ರಮವನ್ನು ಪೀಠ ಮೆಚ್ಚಿಕೊಂಡಿದೆ, ಬೇರೆ ರಾಜ್ಯಗಳೂ ಅದನ್ನು ಅನುಸರಿಸಬಹುದು. ಇದರಿಂದ ಠಾಣೆಯ ಮಟ್ಟದ ಕಳ್ಳಾಟ ಕಡಿಮೆಯಾಗುತ್ತದೆ. ಆದರೆ ಕಂಟ್ರೋಲ್ ರೂಮೂ ಪೊಲೀಸರದ್ದೇ. ಜಿಲ್ಲೆಯ ಹಿರಿಯ ಅಧಿಕಾರಿಗಳೇ ಮುಚ್ಚಿಹಾಕಲು ಮನಸ್ಸು ಮಾಡಿದರೆ ಅದು ತಡೆಯುವುದಿಲ್ಲ.

ಕರ್ನಾಟಕಕ್ಕೆ ಇಲ್ಲಿ ಒಂದು ಅನುಕೂಲ ಇದೆ. ಪೊಲೀಸ್ ಸುಧಾರಣೆ ಕುರಿತು ಪ್ರಕಾಶ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ 2006ರ ತೀರ್ಪಿನ ನಂತರ 2012ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ರಾಜ್ಯ ಪೊಲೀಸ್ ದೂರು ಪ್ರಾಧಿಕಾರವನ್ನು ಮಾಡಿದ್ದೇವೆ. ಪೊಲೀಸರ ಮೇಲಿನ ಗಂಭೀರ ದೂರು ಕೇಳಲೆಂದೇ ಇರುವ ಸಂಸ್ಥೆ ಅದು. ಜನರಲ್ಲಿ ಎಷ್ಟೋ ಮಂದಿಗೆ ಅದರ ಹೆಸರೇ ಗೊತ್ತಿಲ್ಲ. ಠಾಣೆ ಮತ್ತು ಬಾಡಿ ಕ್ಯಾಮೆರಾ ದೃಶ್ಯದ ಒಂದು ಪ್ರತಿ ತಾನಾಗಿ ಈ ಪ್ರಾಧಿಕಾರದ ಸುಪರ್ದಿಗೆ ಹೋಗುವ ವ್ಯವಸ್ಥೆ ಮಾಡಲು ಹೊಸ ಸಂಸ್ಥೆ ಬೇಕಿಲ್ಲ. ಸರ್ವರ್, ಸಿಬ್ಬಂದಿ, ಮತ್ತು ಹೀಗೆ ಮಾಡಬೇಕೆಂಬ ಇಚ್ಛೆ ಬೇಕು. ಕೊನೆಯದೇ ಕಷ್ಟ.

ಅಲ್ಲಿಯವರೆಗೆ ಅನ್ಯಾಯ ಆಯಿತು ಅನಿಸಿದವರು ಗಮನದಲ್ಲಿಡಬೇಕಾದದ್ದು ಸಮಯ. ಘಟನೆಯ ತಾರೀಖು, ಗಂಟೆ, ಠಾಣೆ ಅಥವಾ ಸರ್ಕಲ್ ಹೆಸರು ಬರೆದು, ದೃಶ್ಯವನ್ನು ಅಳಿಸದೆ ಕಾಯ್ದಿಡಿ ಎಂದು ಠಾಣಾಧಿಕಾರಿಗೆ ಮತ್ತು ಎಸ್‌ಪಿ ಅಥವಾ ಕಮಿಷನರ್‌ಗೆ ಆ ದಿನವೇ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಕೊಡಿ ಅಂತ ಕೇಳುವುದು ಆಮೇಲೆ, ಮೊದಲು ಉಳಿಸಿ ಅಂತ ಕೇಳಬೇಕು. ಇದಾದ ಮೇಲೂ ದೃಶ್ಯ ಮಾಯವಾದರೆ 119ನೇ ಕಲಮಿನ ಊಹೆಗೆ ಆ ಸ್ವೀಕೃತಿಯೇ ಆಧಾರ ಆಗುತ್ತದೆ. ಠಾಣೆಯಲ್ಲಿ ಬಲಪ್ರಯೋಗದಿಂದ ಗಾಯವೋ ಸಾವೋ ಆಗಿದ್ದರೆ ಮಾನವ ಹಕ್ಕುಗಳ ಆಯೋಗಕ್ಕೆ ದೂರು ಕೊಡಬಹುದು, ಆಯೋಗ ಆ ಫುಟೇಜನ್ನು ತರಿಸಿಕೊಳ್ಳಬಹುದು ಎಂದು 2020ರ ತೀರ್ಪೇ ಹೇಳಿದೆ. ಈ ಹಕ್ಕಿನ ಬಗ್ಗೆ ಇಂಗ್ಲಿಷ್, ಹಿಂದಿ ಮತ್ತು ಸ್ಥಳೀಯ ಭಾಷೆಯಲ್ಲಿ ದೊಡ್ಡ ಫಲಕವನ್ನು ಪ್ರತಿ ಠಾಣೆಯ ಬಾಗಿಲಲ್ಲಿ ಹಾಕಬೇಕೆಂದೂ ಆ ತೀರ್ಪಿನಲ್ಲಿದೆ.